ಆಕ್ರೊಪಾಂಗ್‌ನಲ್ಲಿ ಉಳಿದವರು

ಕೇಳುಗರಿಗೆಲ್ಲ ನಮಸ್ಕಾರ.

ಬಾಸೆಲ್ ಮಿಷನ್ ಅನ್ನುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ. ಅದರ ಹೆಸರು ಕೇಳಿದ ಕೂಡಲೇ ನಮ್ಮ ಕರಾವಳಿಯವರಿಗೆ ನೆನಪಾಗುವುದು ಹಂಚಿನ ಕಾರ್ಖಾನೆ, ಬಲ್ಮಠದ ಅಚ್ಚುಕೂಟ. ಅದೆಲ್ಲ ಸರಿ. ಆದರೆ ಇದೇ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ ಮೊದಲೇ ಪಶ್ಚಿಮ ಆಫ್ರಿಕಕ್ಕೆ ಹೋಗಿತ್ತು. ಈಗ ಘಾನಾ ಅನ್ನುತ್ತೇವಲ್ಲ, ಆ ನಾಡು. ಆಗ ಅದನ್ನು ಗೋಲ್ಡ್ ಕೋಸ್ಟ್ ಅನ್ನುತ್ತಿದ್ದರು. ಅಲ್ಲಿಯ ಒಂದು ಹಳ್ಳಿಯಲ್ಲಿ ಸಂಸಾರ ಹೂಡಲು ಹೋದವರು ಎಷ್ಟು ಒದ್ದಾಡಿದರು, ಯಾರು ಉಳಿದರು, ಯಾರು ವಾಪಸ್ ಹೋದರು ಅನ್ನುವುದು ಇವತ್ತಿನ ವಿಷಯ.

ಹಳ್ಳಿಯ ಹೆಸರು ಆಕ್ರೊಪಾಂಗ್. ಅಕ್ರಾ ಪಟ್ಟಣದ ಉತ್ತರಕ್ಕೆ ಅಕ್ವಾಪಿಮ್ ಅನ್ನುವ ಗುಡ್ಡಸಾಲು ಇದೆ, ಅದರ ಮೇಲಿನ ಊರು. ಅಲ್ಲಿಯ ಅರಸರ ರಾಜಧಾನಿ.

ನಾನು ಹೇಳುವುದು ಒಂದೇ ಮಾತು. ಮಿಷನರಿ ಕುಟುಂಬಗಳನ್ನು ಅಲ್ಲಿ ಉಳಿಸಿದ್ದು ಊರಿನ ಜನ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಬೇಡಿ. ಯಾಕೆಂದರೆ ಆಫ್ರಿಕ ಅಂದರೆ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ. ಕಾಡು, ಸಿಂಹ, ದೊಡ್ಡ ಟೊಪ್ಪಿ ಹಾಕಿದ ಒಬ್ಬ ಬಿಳಿಯ ಸಾಹಸಿ, ಹಿಂದೆ ಸಾಮಾನು ಹೊತ್ತ ಕಪ್ಪು ಜನ. ದಯವಿಟ್ಟು ಆ ಚಿತ್ರವನ್ನು ಹದಿನೈದು ನಿಮಿಷ ಬದಿಗಿಡಿ.

1828ರ ಡಿಸೆಂಬರಿನಲ್ಲಿ ನಾಲ್ಕು ಜನ ಮಿಷನರಿಗಳು ಕ್ರಿಸ್ಟಿಯಾನ್ಸ್‌ಬೋರ್ಗ್ ಕೋಟೆಯ ಹತ್ತಿರ ಇಳಿದರು. ಅದು ಡೆನ್ಮಾರ್ಕಿನವರ ಕೋಟೆ. ಒಂದು ವರ್ಷ ತುಂಬುವ ಮೊದಲೇ ಮೂವರು ಸತ್ತರು. ನಾಲ್ಕನೆಯವರು 1831ರಲ್ಲಿ ತೀರಿಕೊಂಡರು. 1832ರಲ್ಲಿ ಇನ್ನೂ ಮೂವರು ಬಂದರು. ಅವರಲ್ಲಿ ಒಬ್ಬರು ಡಾಕ್ಟರು. ಕೆಲವೇ ವಾರಗಳಲ್ಲಿ ಮೊದಲು ಹೋದದ್ದು ಆ ಡಾಕ್ಟರೇ. ಆಮೇಲೆ ಇನ್ನೊಬ್ಬರು. ಎಲ್ಲಕ್ಕೂ ಕಾರಣ ಜ್ವರ. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಅಂತ ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟದ್ದು 1897ರಲ್ಲಿ. ಈ ಮಿಷನರಿಗಳ ಕಾಲದಲ್ಲಿ ಕೆಟ್ಟ ಗಾಳಿ ಕುಡಿದರೆ ಜ್ವರ ಬರುತ್ತದೆ ಅಂತಲೇ ಹೆಚ್ಚಿನವರು ನಂಬಿದ್ದರು.

ಆ ಮೂವರಲ್ಲಿ ಉಳಿದವರು ಆಂಡ್ರಿಯಾಸ್ ರೀಸ್. ಅವರಿಗೂ ಜ್ವರ ಬಂತು. ಸಾಯುವ ಹಂತಕ್ಕೆ ಹೋಗಿದ್ದರು. ಯೂರೋಪಿನ ಔಷಧಿ ಏನೂ ನಾಟಲಿಲ್ಲ. ಆಗ ಅವರನ್ನು ಬದುಕಿಸಿದ್ದು ಯಾರು? ಅಲ್ಲಿಯ ಒಬ್ಬ ನಾಟಿ ವೈದ್ಯ. ಯೂರೋಪಿನಿಂದ ಬಂದ ಡಾಕ್ಟರು ಮಣ್ಣಾದ ನೆಲದಲ್ಲಿ ನಾರುಬೇರಿನ ವೈದ್ಯ ಒಬ್ಬ ಮಿಷನರಿಯನ್ನು ಎಬ್ಬಿಸಿ ನಿಲ್ಲಿಸಿದ. ಇದನ್ನು ಮರೆಯಬೇಡಿ. ಮುಂದಿನದೆಲ್ಲ ಇಲ್ಲಿಂದ ಶುರು.

ರೀಸ್ 1835ರಲ್ಲಿ ಕರಾವಳಿ ಬಿಟ್ಟು ಗುಡ್ಡ ಹತ್ತಿ ಆಕ್ರೊಪಾಂಗ್‌ಗೆ ಹೋದರು. ಅಲ್ಲಿಯ ಅರಸರು ನಾನಾ ಅಡ್ಡೊ ಡಂಕ್ವಾ. ಆದರದಿಂದ ಬರಮಾಡಿಕೊಂಡು ಇರಲು ಜಾಗ ಕೊಟ್ಟರು. ರೀಸ್ ಊರಿನವರು ಉಣ್ಣುವುದನ್ನೇ ಉಂಡರು. ಅಲ್ಲೇ ಸಿಗುವ ಕಲ್ಲು, ಮರ ತಂದು ಮನೆ ಕಟ್ಟಿದರು. ಮರುವರ್ಷ ಅವರನ್ನು ಮದುವೆಯಾಗಲು ಅನ್ನಾ ಅನ್ನುವ ಹುಡುಗಿ ಹಡಗಿನಲ್ಲಿ ಬಂದಳು. ಜತೆಗೆ ಬಂದ ಇಬ್ಬರು ಮಿಷನರಿಗಳೂ 1838 ಮುಗಿಯುವಷ್ಟರಲ್ಲಿ ತೀರಿಹೋದರು. ಲೆಕ್ಕ ಹಾಕಿ. ಹೋದ ಮಿಷನರಿಗಳು ಒಂಬತ್ತು, ಸತ್ತವರು ಎಂಟು. ಒಬ್ಬನೇ ಒಬ್ಬ ಊರಿನವನೂ ಕ್ರೈಸ್ತನಾಗಿರಲಿಲ್ಲ. ಬಾಸೆಲ್‌ನಲ್ಲಿ ಕೂತ ಹಿರಿಯರು ಇದು ಸಾಕು, ನಿಲ್ಲಿಸೋಣ ಅನ್ನುವಲ್ಲಿಗೆ ಬಂದಿದ್ದರು.

ಆಗ ಎಲ್ಲವನ್ನೂ ತಿರುಗಿಸಿದ್ದು ಅರಸ ಅಡ್ಡೊ ಡಂಕ್ವಾ ಅವರ ಒಂದು ಮಾತು. ದೇವರು ಲೋಕ ಸೃಷ್ಟಿ ಮಾಡಿದಾಗ ಪುಸ್ತಕವನ್ನು ಬಿಳಿಯರಿಗೆ ಕೊಟ್ಟ, ನಮಗೆ ನಮ್ಮ ದೈವಗಳನ್ನು ಕೊಟ್ಟ, ಆ ಪುಸ್ತಕ ಓದಬಲ್ಲ ಕಪ್ಪು ಜನರನ್ನು ತೋರಿಸಿ, ಆಗ ನಾವೂ ಬರುತ್ತೇವೆ, ಅನ್ನುವ ಅರ್ಥದ ಮಾತನ್ನು ಅವರು ರೀಸ್‌ಗೆ ಹೇಳಿದ್ದರು. ಎಷ್ಟು ನೇರವಾದ ಮಾತು ನೋಡಿ! ಮಿಷನ್ ಮುಂದೇನು ಮಾಡಬೇಕು ಅನ್ನುವುದನ್ನು ಹೇಳಿಕೊಟ್ಟವರೂ ಊರಿನವರೇ.

ಓದು ಬರುವ ಕಪ್ಪು ಕ್ರೈಸ್ತರು ಎಲ್ಲಿ ಸಿಗುತ್ತಾರೆ? ಅಟ್ಲಾಂಟಿಕ್ ಸಾಗರದ ಆಚೆ, ಜಮೈಕದಲ್ಲಿ. ಅಲ್ಲಿ ಗುಲಾಮಗಿರಿಯಿಂದ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ರೀಸ್ ಅಲ್ಲಿಗೆ ಹೋಗಿ ಮೊರೇವಿಯನ್ ಅನ್ನುವ ಕ್ರೈಸ್ತ ಸಭೆಯವರ ನೆರವಿನಿಂದ ಜನ ಹುಡುಕಿದರು. ಆರು ಕುಟುಂಬ, ಮದುವೆಯಾಗದ ಮೂವರು ಗಂಡಸರು. ಮಕ್ಕಳನ್ನೂ ಸೇರಿಸಿ ವೆಸ್ಟ್ ಇಂಡೀಸಿನವರೇ 24 ಜನ. ಐದು ವರ್ಷ ದುಡಿಯುವುದು, ಆಮೇಲೆ ಊರಿಗೆ ಮರಳಬೇಕು ಅಂದರೆ ಮಿಷನ್ ಖರ್ಚಿನಲ್ಲೇ ಕಳಿಸುವುದು ಅಂತ ಕರಾರು. 1843ರ ಫೆಬ್ರವರಿಯಲ್ಲಿ ಹಡಗು ಹೊರಟಿತು, ಏಪ್ರಿಲಿನಲ್ಲಿ ಕ್ರಿಸ್ಟಿಯಾನ್ಸ್‌ಬೋರ್ಗ್ ಮುಟ್ಟಿತು. ಅದೇ ವರ್ಷ ಜುಲೈ 1ಕ್ಕೆ ಇತ್ತ ನಮ್ಮಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. ಎರಡೂ ಕಡೆ ಒಂದೇ ಮಿಷನ್.

ಈ ಕುಟುಂಬಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ತುಂಬಾ ಪ್ರೀತಿಯ ಭಾಗ ಇದು.

ಆ ಕಡಲದಂಡೆಯಲ್ಲಿ ಬಂದರು ಅಂತ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಊರಿನ ಅಂಬಿಗರು ಮರ ಕೊರೆದು ಮಾಡಿದ ದೋಣಿ ತಂದು, ಅಲೆ ಒಡೆಯುವ ಹೊತ್ತು ನೋಡಿ, ಜನರನ್ನು ದಡ ಮುಟ್ಟಿಸಬೇಕು. ಮಕ್ಕಳು, ಹೆಂಗಸರು, ಪೆಟ್ಟಿಗೆಗಳು, ಕತ್ತೆ ಕುದುರೆಗಳು, ಸಸಿಗಳು. ಇಳಿದದ್ದು ಎಲ್ಲಿ? ಹಿಂದೆ ಸಾವಿರಾರು ಜನರನ್ನು ಗುಲಾಮರಾಗಿ ಹಡಗು ಹತ್ತಿಸಿದ ಕೋಟೆಯ ಬುಡದಲ್ಲೇ. ಹಾಗೆ ಗುಲಾಮರಾಗಿ ಆಫ್ರಿಕ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಬೈಬಲ್ ಹಿಡಿದು ಆ ದಂಡೆಗೇ ಬಂದಿಳಿದರು.

ಅವರಲ್ಲಿ ಕ್ಯಾಥರೀನ್ ಮಲ್ಗ್ರೇವ್ ಅನ್ನುವ ಹೆಣ್ಣುಮಗಳು ಒಬ್ಬಳಿದ್ದಳು. ವಯಸ್ಸು ಹದಿನಾರರ ಆಸುಪಾಸು. ಹುಟ್ಟಿದ್ದು ಆಫ್ರಿಕದ ಅಂಗೋಲದಲ್ಲಿ. ಪುಟ್ಟ ಹುಡುಗಿಯಾಗಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. 1833ರಲ್ಲಿ ಆ ಹಡಗು ಜಮೈಕದ ಹತ್ತಿರ ಒಡೆಯಿತು. ಬದುಕುಳಿದ ಹುಡುಗಿಯನ್ನು ಅಲ್ಲಿಯ ಗವರ್ನರ್ ಮಲ್ಗ್ರೇವ್ ಅವರ ಮನೆಯವರು ಸಾಕಿ ಓದಿಸಿದರು. ಮಲ್ಗ್ರೇವ್ ಅನ್ನುವ ಹೆಸರು ಬಂದದ್ದು ಹಾಗೆ. ಈಗ ಅದೇ ಹುಡುಗಿ ಟೀಚರಾಗಿ, ಜಾರ್ಜ್ ಥಾಂಪ್ಸನ್ ಅನ್ನುವ ಮಿಷನರಿಯ ಹೆಂಡತಿಯಾಗಿ ಆಫ್ರಿಕಕ್ಕೆ ವಾಪಸ್ ಬಂದಳು. ಆ ಮದುವೆ ಮುರಿಯಿತು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅವಳು ಶಾಲೆ ನಡೆಸಿದಳು, ಕೆಲಸ ಬಿಡಲಿಲ್ಲ. 1851ರಲ್ಲಿ ಜೊಹಾನಸ್ ಜಿಮ್ಮರ್‌ಮನ್ ಅನ್ನುವ ಜರ್ಮನ್ ಮಿಷನರಿ ಬಾಸೆಲ್‌ನ ಒಪ್ಪಿಗೆಗೆ ಕಾಯದೆ ಅವಳನ್ನು ಮದುವೆಯಾದರು. ಬಾಸೆಲ್ ಹಿರಿಯರಿಗೆ ಅದು ಸರಿಬರಲಿಲ್ಲ. ಜಿಮ್ಮರ್‌ಮನ್ ಹಿಂದೆ ಸರಿಯಲಿಲ್ಲ. ಹೆಂಡತಿಯ ಬಲದಿಂದ ಅಲ್ಲಿಯ ಮನೆಗಳ ಒಳಗೆ ಹೋಗಿ ಕೂತು, ಗಾ ಭಾಷೆ ಕಲಿತು, ಆ ಭಾಷೆಗೆ ವ್ಯಾಕರಣ ಬರೆದರು. ನಾನು ಹೇಳುತ್ತಿರುವುದು ಇದನ್ನೇ. ಊರಿನೊಳಗೆ ಸೇರಿಕೊಂಡವರು ಉಳಿದರು.

ಆಕ್ರೊಪಾಂಗ್‌ಗೆ ಹತ್ತಿದ ಜಮೈಕದ ಕುಟುಂಬಗಳ ಕಡೆ ಬರೋಣ. ಬಾಸೆಲ್‌ನವರು ಏನಂದುಕೊಂಡಿದ್ದರು? ಇವರ ಬಣ್ಣ ಅಲ್ಲಿಯವರದೇ, ಬಿಸಿಲು ಅಭ್ಯಾಸ, ತಾನೇ ತಾನಾಗಿ ಹೊಂದಿಕೊಳ್ಳುತ್ತಾರೆ ಅಂತ. ಎಷ್ಟು ಸುಲಭದ ಲೆಕ್ಕ ಅಲ್ವಾ? ಇವರ ಮಾತು ಇಂಗ್ಲಿಷ್, ಊರಿನ ಮಾತು ಟ್ವಿ. ಇವರು ಶರಟು ಪ್ಯಾಂಟು ಹಾಕಿ ಬಂದವರು, ಊರಿನವರು ಮೈಗೆ ದೊಡ್ಡ ವಸ್ತ್ರ ಸುತ್ತಿಕೊಳ್ಳುವವರು. ಊಟ ನೋಡಿ. ಅಲ್ಲಿ ಫುಫು ಅನ್ನುವುದೇ ಮುಖ್ಯ ಊಟ. ಬೇಯಿಸಿದ ಯಾಮ್ ಅನ್ನುವ ಗೆಡ್ಡೆಯನ್ನೋ ಬಾಳೆಕಾಯಿಯನ್ನೋ ಒರಳಿಗೆ ಹಾಕಿ ಒಬ್ಬರು ಉದ್ದ ಒನಕೆಯಲ್ಲಿ ಕುಟ್ಟುತ್ತಾರೆ. ಒನಕೆ ಮೇಲೆ ಹೋದ ಆ ಒಂದು ಕ್ಷಣದಲ್ಲಿ ಇನ್ನೊಬ್ಬರು ಕೈಹಾಕಿ ಮುದ್ದೆಯನ್ನು ಮಗುಚುತ್ತಾರೆ. ತಾಳ ತಪ್ಪಿದರೆ ಬೆರಳು ಜಜ್ಜುತ್ತದೆ. ಇದು ಹೇಳಿಕೊಟ್ಟು ಬರುವ ವಿದ್ಯೆ ಅಲ್ಲ, ನೆರೆಮನೆಯ ಒರಳಿನ ಪಕ್ಕ ಕೂತು ಕಲಿಯಬೇಕು. ಅದನ್ನು ಪಾಮ್ ಹಣ್ಣಿನ ಸಾರಿನಲ್ಲಿ ಅದ್ದಿ ಅಗಿಯದೆ ನುಂಗಬೇಕು. ಕಾಡಿನ ದೊಡ್ಡ ಬಸವನಹುಳುವೂ ಆ ಸಾರಿನಲ್ಲಿ ಇರುತ್ತದೆ.

ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಅಲ್ಲಿಯ ಅಕಾನ್ ಜನರಲ್ಲಿ ಬಳಿ, ಅಂದರೆ ಗೋತ್ರದಂಥದ್ದು, ಕುಟುಂಬ ಎಲ್ಲ ತಾಯಿಯ ಕಡೆಯಿಂದ. ಮಾವನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ. ತುಳುನಾಡಿನ ಕೇಳುಗರಿಗೆ ನಾನು ವಿವರಿಸುವುದೇ ಬೇಡ, ನಮ್ಮ ಅಳಿಯಕಟ್ಟಿನ ಹಾಗೆಯೇ. ಅಂಥ ಊರಿನಲ್ಲಿ ಮೊದಲ ಪ್ರಶ್ನೆ, ನೀನು ಯಾರ ಪೈಕಿ? ಜಮೈಕದವರ ಹತ್ತಿರ ಉತ್ತರ ಇರಲಿಲ್ಲ. ಗುಲಾಮಗಿರಿ ಅವರ ಬಳಿಯ ಹೆಸರನ್ನೇ ಅಳಿಸಿತ್ತು. ಮೇಲಿಂದ ಗೋಲ್ಡ್ ಕೋಸ್ಟಿನಲ್ಲಿ ಆಗಲೂ ಮನೆಮನೆಗಳಲ್ಲಿ ಗುಲಾಮರಿದ್ದರು. ಬಿಡುಗಡೆ ಪಡೆದು ಬಂದವರು ಅದನ್ನು ದಿನಾ ಕಣ್ಣಾರೆ ನೋಡಬೇಕಾಗಿತ್ತು.

ಜಗಳಗಳೂ ಆದವು. ಮನೆ ಸರಿಯಿಲ್ಲ, ಊಟ ಸಾಲದು, ಬಟ್ಟೆ ಇಲ್ಲ ಅಂತ ಜಮೈಕದವರು ದೂರಿದರು. ನ್ಯಾಯವಾದ ದೂರುಗಳೇ. ರೀಸ್ ಕಟ್ಟುನಿಟ್ಟಿನ ಮನುಷ್ಯ, ಅವರನ್ನು ಬಿರುಸಾಗಿ ನಡೆಸಿಕೊಂಡರು. ಕೆಲವೇ ವರ್ಷಗಳಲ್ಲಿ ಮಿಷನ್ ರೀಸ್ ಅವರನ್ನೇ ಕೆಲಸದಿಂದ ಬಿಡಿಸಿತು. ಐದು ವರ್ಷದ ಕರಾರು ಮುಗಿದಾಗ ಕೆಲವರು ಜಮೈಕಕ್ಕೆ ಮರಳಿದರು. ಮಿಕ್ಕವರು ಉಳಿದರು, ಅಲ್ಲಿಯವರೇ ಆದರು. ಮದುವೆಯಾಗದೆ ಬಂದ ಮೂವರಲ್ಲಿ ಅಲೆಕ್ಸಾಂಡರ್ ವರ್ದಿ ಕ್ಲರ್ಕ್ ಒಬ್ಬರು. ಬಂದ ವರ್ಷವೇ ಕರಾವಳಿಯ ಒಸುವಿನಲ್ಲಿ ಹುಡುಗರ ಶಾಲೆ ಶುರುಮಾಡಿದವರಲ್ಲಿ ಅವರೂ ಸೇರಿದ್ದರು. ಅಲ್ಲಿಯ ಹುಡುಗಿಯನ್ನೇ 1848ರಲ್ಲಿ ಮದುವೆಯಾದರು. 1906ರಲ್ಲಿ ತೀರಿಕೊಂಡದ್ದೂ ಆ ಮಣ್ಣಿನಲ್ಲೇ. ಅವರ ವಂಶದಲ್ಲಿ ಮುಂದೆ ಘಾನಾದ ಮೊದಲ ಆರ್ಕಿಟೆಕ್ಟ್ ಹುಟ್ಟಿದರು, ಡಾಕ್ಟರಾದ ಹೆಣ್ಣುಮಗಳೂ ಹುಟ್ಟಿದರು.

ಸಮಯ ಓಡುತ್ತಿದೆ, ಜರ್ಮನ್ ಹೆಂಗಸರ ಬಗ್ಗೆ ಎರಡು ಮಾತು. ಬಾಸೆಲ್ ಮಿಷನರಿಗಳು ಬ್ರಹ್ಮಚಾರಿಗಳಾಗಿ ಹೋಗಬೇಕು, ಕೆಲವು ವರ್ಷ ಕಳೆದ ಮೇಲೆ ಅನುಮತಿ ಕೇಳಬೇಕು, ಆಮೇಲೆ ಹುಡುಗಿಯನ್ನು ಹಡಗಿನಲ್ಲಿ ಕಳಿಸುತ್ತಿದ್ದರು. ಹಾಗೆ 1847ರಲ್ಲಿ ರೋಸಿನಾ ಅನ್ನುವ ಇಪ್ಪತ್ತರ ಹುಡುಗಿ ಆಕ್ರೊಪಾಂಗ್‌ನ ವಿಡ್‌ಮನ್ ಅವರನ್ನು ಮದುವೆಯಾಗಲು ಬಂದಳು. ಊರಿನ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದಳು. ಇಂಥ ಕುಟುಂಬಗಳ ಅತಿ ದೊಡ್ಡ ಸಂಕಟ ಮಕ್ಕಳದು. ಶಾಲೆಗೆ ಹೋಗುವ ವಯಸ್ಸಾದರೆ ಮಕ್ಕಳನ್ನು ಬಾಸೆಲ್‌ಗೆ ಕಳಿಸಿಬಿಡಬೇಕು. ಮತ್ತೆ ನೋಡುವುದು ಎಷ್ಟು ವರ್ಷದ ಮೇಲೋ. ನಮ್ಮ ಪಕ್ಕದ ತಲಶ್ಶೇರಿಯ ಬಾಸೆಲ್ ಮಿಷನರಿ ಗುಂಡರ್ಟ್ ದಂಪತಿಯೂ ಎಳೆ ಮಕ್ಕಳನ್ನು ಹಾಗೇ ಬಿಟ್ಟು ಬಂದಿದ್ದರು. ಈ ನಿಯಮವನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಊರಿನ ಮಕ್ಕಳ ಜತೆ ಆಡಿ, ಊರಿನ ಮಾತು ಕಲಿತ ಮಕ್ಕಳನ್ನೇ ಆ ಊರಿನಿಂದ ಕಿತ್ತರು.

ಕೊನೆಯದಾಗಿ ಗಿಡಗಳ ಮಾತು. ಜಮೈಕದವರು ಮಾವು, ಬೆಣ್ಣೆಹಣ್ಣು, ಕೋಕೊಯಾಮ್ ತಂದಿದ್ದರು. ಮಾವು ಮೂಲತಃ ನಮ್ಮ ಕಡೆಯದು. ಹಿಂದೂ ಮಹಾಸಾಗರದ ದ್ವೀಪಗಳಿಂದ 1782ರಲ್ಲಿ ಜಮೈಕಕ್ಕೆ ಹೋಗಿತ್ತು, ಅಲ್ಲಿಂದ ಇವರ ಜತೆ ಆಕ್ರೊಪಾಂಗ್‌ಗೆ ಬಂತು. ಕೋಕೊಯಾಮ್ ನಮ್ಮ ಕೆಸುವಿನ ಜಾತಿಯ ಗಿಡ, ಗೆಡ್ಡೆಯೂ ಆಗುತ್ತದೆ, ಎಲೆಯೂ ಪಲ್ಯಕ್ಕೆ ಆಗುತ್ತದೆ. ಊರಿನವರು ಅದನ್ನು ಕೈಬಿಡಲಿಲ್ಲ. ತಮ್ಮ ಒರಳಿಗೇ ಹಾಕಿ ಫುಫು ಮಾಡಿಕೊಂಡರು. ಬಾಸೆಲ್ ಮಿಷನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತಿದ್ದ ತೆತ್ತೆ ಕ್ವಾರ್ಶಿ 1879ರಲ್ಲಿ ಅದೇ ಗುಡ್ಡಸಾಲಿನ ಮಂಪಾಂಗ್‌ನಲ್ಲಿ ಕೊಕ್ಕೊ ಬೆಳೆದರು. ಎಳೆ ಕೊಕ್ಕೊ ಗಿಡಕ್ಕೆ ನೆರಳು ಬೇಕು ಅನ್ನುವುದು ಪುತ್ತೂರು, ಸುಳ್ಯದ ತೋಟದವರಿಗೆ ಗೊತ್ತು. ಘಾನಾದ ರೈತರು ಇವತ್ತಿಗೂ ಆ ನೆರಳಿಗೆ ಬಾಳೆಯ ಜತೆ ನೆಡುವುದು ಕೋಕೊಯಾಮನ್ನೇ.

ಇಷ್ಟು ಹೊತ್ತು ಕೇಳಿದ್ದೀರಿ. ಎಲ್ಲರಿಗೂ ವಂದನೆಗಳು.