ಗೇರ್‌ಬಾಕ್ಸ್ ಆಯಿಲ್: ಕಂಪನಿಯ ಡಬ್ಬವೇ ಬೇಕೇ, ಹೊರಗಿನ ಬ್ರ್ಯಾಂಡ್ ಸಾಕೇ?

[ತೆರೆಯ ಮೇಲೆ: ಪಕ್ಕಪಕ್ಕದಲ್ಲಿ ಎರಡು ಡಬ್ಬ. ಒಂದರ ಮೇಲೆ ಕಾರ್ ಕಂಪನಿಯ ಮುದ್ರೆ, ಇನ್ನೊಂದರ ಮೇಲೆ ಆಯಿಲ್ ಕಂಪನಿಯ ಹೆಸರು. ಎರಡರಿಂದಲೂ ಗಾಜಿನ ಲೋಟಕ್ಕೆ ಸುರಿದರೆ ಅದೇ ಕೆಂಪು ದ್ರವ.]

ನಮಸ್ಕಾರ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ಬದಲಿಸುವ ಹೊತ್ತು ಬಂದಾಗ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ. ಹೆಚ್ಚು ಹಣ ಕೊಟ್ಟು ಕಾರ್ ಕಂಪನಿಯ ಡಬ್ಬವನ್ನೇ ತರಬೇಕೇ, ಇಲ್ಲವೇ ಹೊರಗಿನ ಬ್ರ್ಯಾಂಡ್ ಹಾಕಿಸಿದರೂ ನಡೆಯುತ್ತದೆಯೇ? "ಕಂಪನಿಯದ್ದನ್ನು ಬಿಟ್ಟು ಬೇರೆ ಮುಟ್ಟಲೇಬೇಡಿ" ಎನ್ನುವವರು ಕೆಲವರು. "ಒಳಗಿರುವುದೆಲ್ಲ ಒಂದೇ, ಹೆಸರಿಗಷ್ಟೇ ದುಡ್ಡು" ಎನ್ನುವವರು ಇನ್ನು ಕೆಲವರು. ಇಬ್ಬರ ಮಾತನ್ನು ನಂಬಿದರೂ ನಷ್ಟವಾಗಬಹುದು. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ದ್ರವವನ್ನು ನನ್ನ ಗೇರ್‌ಬಾಕ್ಸ್‌ನ ಮಾನದಂಡಕ್ಕೆ ತಕ್ಕಂತೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟವರು ಯಾರು?

ಅದು ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ಗೇರ್‌ಬಾಕ್ಸ್‌ನ ಒಳಗೆ ಹೋಗಬೇಕು.

[ತೆರೆಯ ಮೇಲೆ: ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಸೀಳುನೋಟ. ದ್ರವ ಹರಿಯುವ ದಾರಿ ಕೆಂಪು ಬಣ್ಣದಲ್ಲಿ.]

ಎಟಿಎಫ್ ಎಂದು ಕರೆಯುವ ಈ ದ್ರವಕ್ಕೆ ಕೆಲಸಗಳು ಹಲವು. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್‌ನ ಬಲವನ್ನು ದಾಟಿಸುವುದು ಇದೇ. ವಾಲ್ವ್ ಬಾಡಿಯ ಸಣ್ಣ ಕಾಲುವೆಗಳಲ್ಲಿ ಹರಿದು, ಒತ್ತಡದಿಂದ ಕ್ಲಚ್‌ಗಳನ್ನು ಅದುಮುವುದೂ ಇದೇ. ಗೇರ್‌ಗಳ ಹಲ್ಲು ಸವೆಯದಂತೆ ಕಾಯಬೇಕು, ಬಿಸಿಯನ್ನು ಕೂಲರ್‌ವರೆಗೆ ಹೊತ್ತೊಯ್ಯಬೇಕು. ಇಷ್ಟೆಲ್ಲದರ ಜೊತೆಗೆ ಕ್ಲಚ್ ಪ್ಲೇಟ್‌ಗಳ ನಡುವೆ ಹಿಡಿತವನ್ನೂ ಒದಗಿಸಬೇಕು. ಒಂದೇ ದ್ರವ ಗೇರ್‌ನ ಹಲ್ಲಿನ ಮೇಲೆ ಜಾರಿಸಬೇಕು, ಕ್ಲಚ್ ಪ್ಲೇಟ್‌ನ ಮೇಲೆ ಹಿಡಿಯಬೇಕು. ಕಾರಿನ ಎಂಜಿನ್ ಆಯಿಲ್‌ಗೆ ಇಂತಹ ಇಕ್ಕಟ್ಟಿಲ್ಲ.

ಈ ಹಿಡಿತದ ವಿಚಾರದಲ್ಲಿಯೇ ಒಂದು ಎಟಿಎಫ್‌ಗೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸವಿರುವುದು. ಟಾರ್ಕ್ ಕನ್ವರ್ಟರ್‌ನೊಳಗೆ, ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಜೋಡಿಸುವ ಲಾಕಪ್ ಕ್ಲಚ್ ಎಂಬುದೊಂದು ಇರುತ್ತದೆ. ಹಳೆಯ ಕಾರುಗಳಲ್ಲಿ ಅದು ಪೂರ್ತಿ ಬಿಟ್ಟಿರುತ್ತಿತ್ತು, ಇಲ್ಲವೇ ಪೂರ್ತಿ ಕಚ್ಚಿರುತ್ತಿತ್ತು. ಈಗಿನ ಹಲವು ಗೇರ್‌ಬಾಕ್ಸ್‌ಗಳಲ್ಲಿ ಕಂಪ್ಯೂಟರ್ ಅದನ್ನು ಉದ್ದೇಶಪೂರ್ವಕವಾಗಿ ಸ್ವಲ್ಪವೇ ಸ್ವಲ್ಪ ಜಾರಲು ಬಿಡುತ್ತದೆ. ಎಂಜಿನ್‌ನ ನಡುಕ ಕ್ಯಾಬಿನ್‌ಗೆ ಬಾರದಿರಲಿ, ಇಂಧನವೂ ಉಳಿಯಲಿ ಎಂಬುದು ಉದ್ದೇಶ. ಅಂದರೆ ಹೆದ್ದಾರಿಯಲ್ಲಿ ನೀವು ನೆಮ್ಮದಿಯಿಂದ ಹೋಗುತ್ತಿರುವಾಗಲೂ ಆ ಕ್ಲಚ್ ದ್ರವದಲ್ಲಿ ಮುಳುಗಿಕೊಂಡು ನಿರಂತರವಾಗಿ ಉಜ್ಜುತ್ತಿರುತ್ತದೆ.

[ತೆರೆಯ ಮೇಲೆ: ಎರಡು ಗೆರೆಗಳ ನಕ್ಷೆ. ಅಡ್ಡಕ್ಕೆ ಜಾರುವ ವೇಗ, ಉದ್ದಕ್ಕೆ ಘರ್ಷಣೆ. ಹಸಿರು ಗೆರೆ ಏರುತ್ತಿದೆ, ಕೆಂಪು ಗೆರೆ ಇಳಿಯುತ್ತಿದೆ.]

ಈ ನಕ್ಷೆಯನ್ನು ಗಮನಿಸಿ. ಜಾರುವ ವೇಗ ಹೆಚ್ಚಿದಂತೆ ಘರ್ಷಣೆಯೂ ತುಸು ಹೆಚ್ಚುತ್ತಿದ್ದರೆ, ಅಂದರೆ ಹಸಿರು ಗೆರೆಯಂತಿದ್ದರೆ, ಕ್ಲಚ್ ಸಮಾಧಾನವಾಗಿ ಜಾರುತ್ತದೆ. ವೇಗ ಹೆಚ್ಚಿದಂತೆ ಘರ್ಷಣೆ ಇಳಿಯತೊಡಗಿದರೆ ಕ್ಲಚ್ ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಒಂದೇ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ಹೋಗುವಾಗ, ರಸ್ತೆಯಂಚಿನ ಉಬ್ಬುಗೆರೆಗಳ ಮೇಲೆ ಹೋದಂತೆ ಕಾರ್ ಗಡಗಡ ನಡುಗುತ್ತದೆ. ಇಂಗ್ಲಿಷ್‌ನಲ್ಲಿ ಶಡರ್ ಎನ್ನುವ ತೊಂದರೆ ಇದೇ. ಗೆರೆಯನ್ನು ಹಸಿರಾಗಿ ಉಳಿಸುವುದು ಫ್ರಿಕ್ಷನ್ ಮಾಡಿಫೈಯರ್ ಎಂಬ ರಾಸಾಯನಿಕಗಳು. ಅವುಗಳ ಅಣುಗಳು ಲೋಹದ ಮೇಲೆ ಪದರದಂತೆ ಅಂಟಿಕೊಂಡು ಕಚ್ಚುವಿಕೆಯನ್ನು ಹದಗೊಳಿಸುತ್ತವೆ. ಬಿಸಿಯಿಂದಲೂ ಬಳಕೆಯಿಂದಲೂ ಅವು ಕ್ರಮೇಣ ಕ್ಷೀಣಿಸುತ್ತವೆ. ಎಷ್ಟು ಹಾಕಬೇಕು, ಎಷ್ಟು ಕಾಲ ಬಾಳಬೇಕು ಎಂಬುದು ಆ ಗೇರ್‌ಬಾಕ್ಸ್‌ನ ಕ್ಲಚ್ ಪ್ಲೇಟ್ ಯಾವ ವಸ್ತುವಿನಿಂದ ಆಗಿದೆ ಎನ್ನುವುದರ ಮೇಲೆ ನಿಂತಿದೆ. 1960ರ ದಶಕದಲ್ಲಿ ಬಂದ ಫೋರ್ಡ್‌ನ ಟೈಪ್ ಎಫ್ ದ್ರವದಲ್ಲಿ ಈ ಮಾಡಿಫೈಯರ್‌ಗಳು ಇರಲೇ ಇಲ್ಲ. ಅದೇ ಕಾಲದ ಜನರಲ್ ಮೋಟಾರ್ಸ್‌ನ ಡೆಕ್ಸ್ರಾನ್‌ನಲ್ಲಿ ಇದ್ದವು. ಒಂದರ ಬದಲು ಇನ್ನೊಂದನ್ನು ಹಾಕುವಂತಿರಲಿಲ್ಲ. "ಎಲ್ಲ ಒಂದೇ" ಎನ್ನುವುದು ಆಗಲೂ ನಿಜವಾಗಿರಲಿಲ್ಲ, ಈಗಂತೂ ಅಲ್ಲವೇ ಅಲ್ಲ.

ಎರಡನೆಯ ಸಂಗತಿ ಸ್ನಿಗ್ಧತೆ, ಅಂದರೆ ದ್ರವ ಎಷ್ಟು ದಪ್ಪ, ಎಷ್ಟು ತೆಳು ಎಂಬುದು.

[ತೆರೆಯ ಮೇಲೆ: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ. ಡೆಕ್ಸ್ರಾನ್ 3: ಸುಮಾರು 7ರಿಂದ 7.5. ಡೆಕ್ಸ್ರಾನ್ 6: ಹೊಸದಾಗಿದ್ದಾಗ ಗರಿಷ್ಠ 6.4. ಟೊಯೊಟಾ ಡಬ್ಲ್ಯುಎಸ್: ಸುಮಾರು 5.5. ಹತ್ತು ಗೇರ್‌ಗಳ ಹೊಸ ಪೆಟ್ಟಿಗೆಗಳ ಅತಿ ತೆಳು ದ್ರವ: ಸುಮಾರು 4.5. ಎಲ್ಲವೂ ಸ್ನಿಗ್ಧತೆಯ ಅಳತೆಯಾದ ಸೆಂಟಿಸ್ಟೋಕ್ಸ್‌ನಲ್ಲಿ; ಅಂಕಿ ಕಡಿಮೆಯಾದಷ್ಟೂ ದ್ರವ ತೆಳು.]

ಇಂಧನ ಉಳಿಸುವ ಸಲುವಾಗಿ ಎಟಿಎಫ್ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಾ ಬಂದಿದೆ. ಪಂಪ್, ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್‌ಗಳು, ವಾಲ್ವ್ ಬಾಡಿಯ ಸಂದುಗಳು ಎಲ್ಲವನ್ನೂ ಆ ತೆಳುವಿಗೆ ಹೊಂದಿಸಿ ಮಾಡಿರುತ್ತಾರೆ. ಈಗ ಅಂಗಡಿಯಲ್ಲಿ ‘ಮಲ್ಟಿ ವೆಹಿಕಲ್’ ಎಂದು ಬರೆದ ಡಬ್ಬವೊಂದನ್ನು ಎತ್ತಿಕೊಂಡು ಹಿಂಬದಿ ಓದಿ. ಡೆಕ್ಸ್ರಾನ್ 3ರಿಂದ ಹಿಡಿದು ಟೊಯೊಟಾ ಡಬ್ಲ್ಯುಎಸ್‌ವರೆಗೆ ಇಪ್ಪತ್ತು ಮೂವತ್ತು ಹೆಸರುಗಳ ಪಟ್ಟಿ ಇದ್ದರೆ ಒಂದು ನಿಮಿಷ ಯೋಚಿಸಿ. ಒಂದು ದ್ರವದ ಸ್ನಿಗ್ಧತೆ ಏಕಕಾಲಕ್ಕೆ 7.3 ಮತ್ತು 5.5 ಆಗಿರಲು ಸಾಧ್ಯವೇ ಇಲ್ಲ. ಎಲ್ಲೋ ಒಂದು ಕಡೆ ರಾಜಿ ಮಾಡಿಕೊಂಡಿದ್ದಾರೆ. ಆ ರಾಜಿ ನಿಮ್ಮ ಗೇರ್‌ಬಾಕ್ಸ್‌ನ ಪರವಾಗಿದೆಯೋ ವಿರುದ್ಧವಾಗಿದೆಯೋ ಎಂದು ತಿಳಿಯಲು ಆಯಿಲ್ ಕಂಪನಿಯ ಜಾಲತಾಣದಲ್ಲಿರುವ ತಾಂತ್ರಿಕ ವಿವರದ ಹಾಳೆಯನ್ನು ತೆರೆದು, 100 ಡಿಗ್ರಿಯಲ್ಲಿನ ಸ್ನಿಗ್ಧತೆಯ ಅಂಕಿಯನ್ನು ನೋಡಿ. ಅಂತಹ ಹಾಳೆಯನ್ನೇ ಪ್ರಕಟಿಸದ ಕಂಪನಿಯ ಎಟಿಎಫ್ ನನಗೆ ಬೇಡ, ನಿಮಗೂ ಬೇಡ.

[ತೆರೆಯ ಮೇಲೆ: ಡಬ್ಬದ ಹಿಂಬದಿಯ ಬರಹ, ದೊಡ್ಡದಾಗಿ.]

ಇನ್ನು ಡಬ್ಬದ ಮೇಲಿನ ಮಾತುಗಳು. ‘ಲೈಸೆನ್ಸ್ಡ್’ ಅಥವಾ ‘ಅಪ್ರೂವ್ಡ್’ ಎಂದಿದ್ದರೆ, ಕಾರ್ ಅಥವಾ ಗೇರ್‌ಬಾಕ್ಸ್ ತಯಾರಕರು ಪರೀಕ್ಷೆಯ ಫಲಿತಾಂಶಗಳನ್ನು ನೋಡಿ ಒಪ್ಪಿದ್ದಾರೆ ಎಂದು ಅರ್ಥ. ‘ಸೂಟಬಲ್ ಫಾರ್’, ‘ರೆಕಮೆಂಡೆಡ್ ಫಾರ್’ ಎಂದಿದ್ದರೆ ಅದು ಆಯಿಲ್ ಮಾರುವವರ ಸ್ವಂತ ಮಾತು. ಸುಳ್ಳೆಂದಲ್ಲ, ಆದರೆ ಹೊಣೆ ಅವರದ್ದು ಮಾತ್ರ. ಡೆಕ್ಸ್ರಾನ್ 6ರ ನಿಜವಾದ ಲೈಸೆನ್ಸ್ ಪಡೆದ ಡಬ್ಬದ ಮೇಲೆ ಇಂಗ್ಲಿಷ್‌ನ ಜೆ ಅಕ್ಷರದಿಂದ ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಡೆಕ್ಸ್ರಾನ್ 3ರ ಕಥೆ ಬೇರೆ. ಜನರಲ್ ಮೋಟಾರ್ಸ್ 2006ರ ಕೊನೆಗೆ ಅದರ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತು. ಹಾಗಾಗಿ ಇಂದು ಆ ಹೆಸರು ಹೊತ್ತ ಯಾವ ಡಬ್ಬದ ಹಿಂದೆಯೂ ಆ ಕಂಪನಿಯ ಚಾಲ್ತಿಯ ಒಪ್ಪಿಗೆ ಇಲ್ಲ.

ಟೊಯೊಟಾ, ಹೋಂಡಾ ತಮ್ಮ ಎಟಿಎಫ್‌ಗೆ ಇಂತಹ ಬಹಿರಂಗ ಲೈಸೆನ್ಸ್ ವ್ಯವಸ್ಥೆ ಇಟ್ಟಿಲ್ಲ. ಡಬ್ಲ್ಯುಎಸ್, ಡಿಡಬ್ಲ್ಯು-1 ಎಂಬ ಹೆಸರುಗಳು ಅವರದ್ದೇ ಡಬ್ಬಕ್ಕೆ ಸೇರಿದವು. ಹೊರಗಿನ ಬ್ರ್ಯಾಂಡ್ ಎಷ್ಟೇ ಒಳ್ಳೆಯದಾಗಿದ್ದರೂ ಅಲ್ಲಿ ‘ಸೂಕ್ತ’ ಎಂದಷ್ಟೇ ಹೇಳಿಕೊಳ್ಳಬಲ್ಲದು. ಇಂತಹ ಕಡೆ ನನ್ನ ಒಲವು ಕಂಪನಿಯ ಡಬ್ಬದ ಕಡೆಗೆ. ಬೆಲೆಯ ವ್ಯತ್ಯಾಸ ಎಷ್ಟೇ ಇರಲಿ, ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮೂರನೆಯ ದಾರಿಯೂ ಒಂದಿದೆ, ಹಲವರು ಅದನ್ನು ಮರೆಯುತ್ತಾರೆ. ನಿಮ್ಮ ಕಾರಿನ ಗೇರ್‌ಬಾಕ್ಸ್ ಮಾಡಿದ್ದು ಕಾರ್ ಕಂಪನಿಯೇ ಆಗಿರಬೇಕೆಂದೇನೂ ಇಲ್ಲ. ಬಿಎಂಡಬ್ಲ್ಯು, ಆಡಿ, ಲ್ಯಾಂಡ್ ರೋವರ್‌ನ ಎಷ್ಟೋ ಮಾದರಿಗಳಲ್ಲಿರುವ ಎಂಟು ಗೇರ್‌ಗಳ ಪೆಟ್ಟಿಗೆ ಜರ್ಮನಿಯ ಝಡ್‌ಎಫ್ ಕಂಪನಿಯದ್ದು. ಝಡ್‌ಎಫ್ ತನ್ನದೇ ಲೈಫ್‌ಗಾರ್ಡ್ ಹೆಸರಿನಲ್ಲಿ ದ್ರವ ಮಾರುತ್ತದೆ. ಜಪಾನಿನ ಐಸಿನ್ ಕೂಡ ಹಾಗೆಯೇ. ಪೆಟ್ಟಿಗೆ ಮಾಡಿದವರೇ ಕೊಡುವ ದ್ರವಕ್ಕಿಂತ ಹೆಚ್ಚಿನ ಭರವಸೆ ಯಾವ ಮುದ್ರೆಯಲ್ಲಿದೆ? ಅಂದ ಹಾಗೆ, ಲೈಫ್‌ಗಾರ್ಡ್ 8ರ ಬಣ್ಣ ಹಸಿರು. ಬಣ್ಣ ಸೋರಿಕೆಯನ್ನು ಗುರುತಿಸಲು ಹಾಕಿದ ಡೈ ಅಷ್ಟೇ. ಕೆಂಪಗಿದೆ ಎಂದು ಎರಡು ದ್ರವಗಳನ್ನು ಬೆರೆಸಬೇಡಿ.

ಕಾರ್ ಕಂಪನಿಗಳು ಎಣ್ಣೆಯನ್ನು ತಾವೇ ತಯಾರಿಸುವುದಿಲ್ಲ ಎಂಬ ವಾದ ನಿಜ. ಮೂಲ ಎಣ್ಣೆ ಪೆಟ್ರೋಲಿಯಂ ಕಂಪನಿಗಳಿಂದ ಬರುತ್ತದೆ. ಅದಕ್ಕೆ ಬೆರೆಸುವ ಅಡಿಟಿವ್‌ಗಳು ಲೂಬ್ರಿಝಾಲ್, ಆಫ್ಟನ್, ಇನ್ಫಿನಿಯಮ್‌ನಂತಹ ಬೆರಳೆಣಿಕೆಯ ರಾಸಾಯನಿಕ ಕಂಪನಿಗಳಿಂದ ಬರುತ್ತವೆ. ಆದರೆ ಆ ಕಂಪನಿಗಳು ಬೇರೆ ಬೇರೆ ಗಿರಾಕಿಗಳಿಗೆ ಬೇರೆ ಬೇರೆ ಮಿಶ್ರಣ ಮಾಡಿಕೊಡುತ್ತವೆ. ಎರಡು ಡಬ್ಬ ಒಂದೇ ಕಾರ್ಖಾನೆಯಿಂದ ಬಂದ ಮಾತ್ರಕ್ಕೆ ಒಳಗಿರುವುದು ಒಂದೇ ಆಗುವುದಿಲ್ಲ.

ಹಾಗಂತ ಕಾರ್ಖಾನೆಯಲ್ಲಿ ಮೊದಲು ತುಂಬಿದ್ದೇ ವೇದವಾಕ್ಯವೂ ಅಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಜನರಲ್ ಮೋಟಾರ್ಸ್‌ನ ಎಂಟು ಗೇರ್‌ಗಳ ಪೆಟ್ಟಿಗೆಗಳು, 8ಎಲ್90 ಮತ್ತು 8ಎಲ್45. ಅವುಗಳಲ್ಲಿ ನಾನು ಮೇಲೆ ಹೇಳಿದ ಅದೇ ನಡುಕ ಕಾಣಿಸಿಕೊಂಡಿತು. ಕಾರ್ಖಾನೆಯಲ್ಲಿ ತುಂಬಿದ್ದ ದ್ರವ ತೇವಾಂಶ ಹೀರಿಕೊಂಡಾಗ ಹೀಗಾಗುತ್ತಿತ್ತು. 2019ರಲ್ಲಿ ಕಂಪನಿ ತನ್ನ ಡೀಲರ್‌ಗಳಿಗೆ ಕಳಿಸಿದ ಸೂಚನೆಯಲ್ಲಿ ಹಳೆಯ ದ್ರವವನ್ನು ತೊಳೆದು ತೆಗೆದು, ಮೊಬಿಲ್ 1 ಹೆಸರಿನ ಸಿಂಥೆಟಿಕ್ ಎಲ್‌ವಿ ಎಟಿಎಫ್ ಎಚ್‌ಪಿ ತುಂಬಲು ಹೇಳಿತು. ಆಯಿಲ್ ಕಂಪನಿಯ ಹೆಸರು ಹೊತ್ತ ದ್ರವವನ್ನು ಕಾರ್ ಕಂಪನಿಯೇ ಪರಿಹಾರವಾಗಿ ಬರೆದುಕೊಟ್ಟ ಪ್ರಸಂಗ ಇದು. ಆದರೆ ಗಮನಿಸಿ, ಅದು ಪರೀಕ್ಷಿಸಿ ಒಪ್ಪಿದ ದ್ರವ. ಅಂಗಡಿಯವರು ಊಹೆಯ ಮೇಲೆ ಕೊಟ್ಟದ್ದಲ್ಲ.

[ತೆರೆಯ ಮೇಲೆ: ಓನರ್ಸ್ ಮ್ಯಾನುಯಲ್‌ನ ಪುಟ, ದ್ರವದ ಹೆಸರಿನ ಕೆಳಗೆ ಗೆರೆ.]

ಹಾಗಾದರೆ ನಿಮ್ಮ ಕಾರಿಗೆ ಯಾವುದು? ವಾರಂಟಿ ಇನ್ನೂ ನಡೆಯುತ್ತಿದ್ದರೆ ಕಂಪನಿಯದ್ದನ್ನೇ ಹಾಕಿಸಿ, ವಾದಕ್ಕೆ ಎಡೆಯೇ ಇರುವುದಿಲ್ಲ. ಗೇರ್‌ಗಳ ಬದಲು ಬೆಲ್ಟ್ ಮತ್ತು ಪುಲ್ಲಿಯಿಂದ ಓಡುವ ಸಿವಿಟಿ ಇದ್ದರೆ ಎಟಿಎಫ್ ಎಂಬ ಹೆಸರೇ ಬೇಡ. ಅಲ್ಲಿ ಉಕ್ಕಿನ ಬೆಲ್ಟ್ ಉಕ್ಕಿನ ಪುಲ್ಲಿಯನ್ನು ಜಾರದಂತೆ ಕಚ್ಚಿಕೊಳ್ಳಬೇಕು, ಅದಕ್ಕೆ ಬೇರೆಯೇ ದ್ರವ ಬೇಕು. ಎರಡು ಕ್ಲಚ್‌ಗಳ ಡಿಸಿಟಿಗೂ ಅದರದ್ದೇ ದ್ರವವಿದೆ. ಈ ಎರಡರಲ್ಲೂ ಪ್ರಯೋಗ ಮಾಡುವುದು ದುಬಾರಿ.

ಡೆಕ್ಸ್ರಾನ್ ಕೇಳುವ ಹಳೆಯ ಜನರಲ್ ಮೋಟಾರ್ಸ್ ಕಾರಿದ್ದರೆ ಮಾತ್ರ ಹೊರಗಿನ ಬ್ರ್ಯಾಂಡನ್ನು ಧೈರ್ಯವಾಗಿ ಕೊಳ್ಳಬಹುದು. ಲೈಸೆನ್ಸ್ ಸಂಖ್ಯೆ ಇರುವ ಡೆಕ್ಸ್ರಾನ್ 6 ಯಾವ ಬ್ರ್ಯಾಂಡ್‌ನದ್ದಾದರೂ ಸರಿ, ಅದನ್ನು ಹಿಂದಿನ ಡೆಕ್ಸ್ರಾನ್‌ಗಳ ಜಾಗದಲ್ಲಿ ಬಳಸಲೆಂದೇ ರೂಪಿಸಲಾಗಿದೆ. ಇಲ್ಲಿ ಕಂಪನಿಯ ಮುದ್ರೆಗೆ ಹೆಚ್ಚು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಬೇರೆ ತಯಾರಕರ ಹಳೆಯ ಪೆಟ್ಟಿಗೆ ಡೆಕ್ಸ್ರಾನ್ 3 ಕೇಳಿದರೆ, ತೆಳುವಾದ 6 ನಡೆಯುತ್ತದೆಯೇ ಎಂದು ಆ ತಯಾರಕರ ಈಗಿನ ಸೂಚನೆಯನ್ನು ನೋಡಿಕೊಂಡೇ ಹಾಕಿಸಿ.

ದುಬಾರಿ ಡಬ್ಬಗಳ ನಕಲಿಯೂ ಮಾರುಕಟ್ಟೆಗೆ ಬರುತ್ತದೆ. ಕಂಪನಿಯ ಮುದ್ರೆಯ ಡಬ್ಬ ಅನುಮಾನ ಹುಟ್ಟಿಸುವಷ್ಟು ಅಗ್ಗವಾಗಿ ಸಿಕ್ಕರೆ, ಗೊತ್ತಿರುವ ಅಂಗಡಿಯಿಂದ ಅನುಮೋದಿತ ಹೊರಗಿನ ಬ್ರ್ಯಾಂಡ್ ತರುವುದೇ ಎಷ್ಟೋ ವಾಸಿ.

ಬ್ರ್ಯಾಂಡ್‌ನ ಚರ್ಚೆಯಲ್ಲಿ ಮುಳುಗಿ ಆಯಿಲ್ ಬದಲಿಸುವುದನ್ನೇ ಮುಂದೂಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ‘ಲೈಫ್‌ಟೈಮ್’ ದ್ರವ ಎಂಬ ಮಾತನ್ನು ನಂಬಿ ಕುಳಿತವರಿಗೆ ಒಂದು ವಿಷಯ: ಕೆಲವು ಕಾರ್ ಕಂಪನಿಗಳು ಹಾಗೆ ಹೇಳಿದರೂ, ಝಡ್‌ಎಫ್ ತನ್ನ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರ್‌ಗೆ ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ದ್ರವ ಬದಲಿಸಲು ಸಲಹೆ ಕೊಡುತ್ತದೆ. ಸವೆದುಹೋದ ಒಳ್ಳೆಯ ಬ್ರ್ಯಾಂಡ್‌ಗಿಂತ ಹೊಸದಾಗಿ ತುಂಬಿದ ಸರಿಯಾದ ಮಾನದಂಡದ ಸಾಧಾರಣ ಬ್ರ್ಯಾಂಡ್ ಮೇಲು.

[ತೆರೆಯ ಮೇಲೆ: ಡ್ರೇನ್ ಪ್ಲಗ್‌ನಿಂದ ಇಳಿಯುತ್ತಿರುವ ಕಪ್ಪಗಾದ ದ್ರವ, ಕೆಳಗೆ ಅಳತೆಯ ಪಾತ್ರೆ.]

ಡ್ರೇನ್ ಪ್ಲಗ್ ಬಿಚ್ಚಿದಾಗ ಎಲ್ಲ ದ್ರವವೂ ಹೊರಬರುವುದಿಲ್ಲ, ಟಾರ್ಕ್ ಕನ್ವರ್ಟರ್‌ನಲ್ಲಿ ಸಾಕಷ್ಟು ಉಳಿದುಕೊಂಡಿರುತ್ತದೆ. ಹಾಗಾಗಿ ಬ್ರ್ಯಾಂಡ್ ಬದಲಿಸಿದರೂ ಹಳೆಯದರ ಜೊತೆ ಬೆರೆತೇ ಬೆರೆಯುತ್ತದೆ. ಎರಡೂ ಒಂದೇ ಮಾನದಂಡದವಾದರೆ ಚಿಂತೆಯಿಲ್ಲ. ಟೊಯೊಟಾದ ಹಳೆಯ ಟಿ-4 ಇರುವಲ್ಲಿ ಡಬ್ಲ್ಯುಎಸ್ ಸುರಿದರೆ ಚಿಂತಿಸಬೇಕು, ಅವೆರಡನ್ನೂ ಅದಲುಬದಲು ಮಾಡಬಾರದೆಂದು ಟೊಯೊಟಾವೇ ಹೇಳುತ್ತದೆ. ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಇಲ್ಲದ ಪೆಟ್ಟಿಗೆಯಾದರೆ ದ್ರವವನ್ನು ತಯಾರಕರು ಹೇಳಿದ ಉಷ್ಣತೆಗೆ ತಂದು, ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಕೆಲಸ ಆರಂಭಿಸುವ ಮೊದಲೇ ಮೆಕ್ಯಾನಿಕ್‌ಗೆ ಆ ಉಷ್ಣತೆ ಎಷ್ಟೆಂದು ಕೇಳಿ. ಉತ್ತರ ಬಾರದಿದ್ದರೆ ಬೇರೆ ಗ್ಯಾರೇಜ್ ಹುಡುಕಿ. ಕೊನೆಗೆ ಬಿಲ್‌ನಲ್ಲಿ ‘ಎಟಿಎಫ್, 4 ಲೀಟರ್’ ಎಂದಷ್ಟೇ ಬರೆಸಿಕೊಂಡು ಬರಬೇಡಿ. ದ್ರವದ ಪೂರ್ಣ ಹೆಸರು, ಮಾನದಂಡ, ತುಂಬಿದ ಪ್ರಮಾಣ, ಅಂದಿನ ಕಿಲೋಮೀಟರ್ ಎಲ್ಲವನ್ನೂ ಬರೆಸಿ. ಮುಂದಿನ ಸಲ ಪ್ಲಗ್ ಬಿಚ್ಚುವವರಿಗೆ ಒಳಗೆ ಏನಿದೆ ಎಂದು ತಿಳಿಸುವುದು ಆ ಕಾಗದವೊಂದೇ.