ಹರಾಜಿನ ಕುಂಬಳಕಾಯಿ

ಎಲ್ಲರಿಗೂ ನಮಸ್ಕಾರ.

ಸುಗ್ಗಿ ಹಬ್ಬದ ಹರಾಜು ನಿಮ್ಮ ಚರ್ಚಿನ ಸಭೆಯಲ್ಲೂ ನಡೆಯುತ್ತಿರಬಹುದು. ಹಿತ್ತಲಲ್ಲಿ ಬೆಳೆದ ಬಾಳೆಗೊನೆ, ತೆಂಗಿನಕಾಯಿ, ನಾಟಿ ಕೋಳಿ, ಮನೆಯಲ್ಲಿ ಮಾಡಿದ ಕೇಕು, ಎಲ್ಲವನ್ನೂ ದೇವರ ಮುಂದೆ ಇಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೂಗುತ್ತಾರೆ. ಹೋದ ವರ್ಷ ನಾನು ಒಂದು ಕುಂಬಳಕಾಯಿಗೆ 2,200 ರೂಪಾಯಿ ಕೂಗಿದೆ. ದುಡ್ಡು ಬಡ ಮಕ್ಕಳ ಓದಿಗೆ ಹೋಗುತ್ತದೆ, ಒಳ್ಳೆಯ ಕೆಲಸವೇ. ಆದರೆ ನಿಜ ಹೇಳಬೇಕು ಅಂದರೆ, 800ರ ತನಕ ನನಗೆ ಆ ಮಕ್ಕಳ ನೆನಪಿತ್ತು. ಅಲ್ಲಿಂದ ಮುಂದೆ, ಎದುರು ನಿಂತು ಪಟ್ಟು ಬಿಡದೆ ಕೂಗುತ್ತಿದ್ದವರ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಕೊನೆಗೆ ನಾನೇ ಗೆದ್ದೆ. ಜನ ಚಪ್ಪಾಳೆ ತಟ್ಟಿದರು. ಕಾಯಿ ಹೊತ್ತುಕೊಂಡು ಮನೆಗೆ ಹೋಗುವಾಗಲೂ ಕಿವಿಯಲ್ಲಿ ಅದೇ ಸದ್ದು.

ಮತ್ತಾಯನ ಸುವಾರ್ತೆ 6ನೇ ಅಧ್ಯಾಯ. ಜನ ನೋಡಲಿ ಎಂದು ಧರ್ಮ ಕೊಡುವವರ ಬಗ್ಗೆ ಯೇಸು ಸ್ವಾಮಿ ಅಲ್ಲಿ ಒಂದು ಮಾತು ಹೇಳುತ್ತಾರೆ, ಅವರಿಗೆ ಬರಬೇಕಾದ ಫಲ ಬಂದಾಯಿತು ಅಂತ. ಗ್ರೀಕ್ ಮೂಲದಲ್ಲಿ ಇರುವ ಪದ 'ಅಪೆಖೋ'. ಆ ಕಾಲದಲ್ಲಿ ಹಣ ಪೂರ್ತಿ ಸಂದಿದೆ ಎಂದು ರಸೀದಿಯಲ್ಲಿ ಬರೆಯುತ್ತಿದ್ದ ಪದವೇ ಅದು. ಈಜಿಪ್ಟಿನಲ್ಲಿ ಅಂಥ ಹಳೆಯ ರಸೀದಿಗಳು ಎಷ್ಟೋ ಸಿಕ್ಕಿವೆ. ನನಗೆ ಇದು ಶಾಪಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಚಪ್ಪಾಳೆ ಬೇಕಿತ್ತು, ಸಿಕ್ಕಿತು, ಲೆಕ್ಕ ಚುಕ್ತಾ.

ಹಾಗಂತ ಮನಸ್ಸು ಪೂರ್ತಿ ಶುದ್ಧವಾಗುವ ತನಕ ಕೊಡುವುದನ್ನೇ ನಿಲ್ಲಿಸಬೇಕಾ? ಬೇಡ. ಅಪೊಸ್ತಲನಾದ ಪೌಲನು ಸೆರೆಮನೆಯಿಂದ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆಯುತ್ತಾನೆ: ಕೆಲವರು ಹೊಟ್ಟೆಕಿಚ್ಚಿನಿಂದ ಕ್ರಿಸ್ತನನ್ನು ಸಾರುತ್ತಿದ್ದಾರೆ, ಆದರೂ ಕ್ರಿಸ್ತನ ಸುದ್ದಿ ಜನರಿಗೆ ಮುಟ್ಟುತ್ತಿದೆಯಲ್ಲ, ನನಗೆ ಅದೇ ಸಂತೋಷ. ನನ್ನ 2,200 ರೂಪಾಯಿಯಿಂದಲೂ ಯಾವುದೋ ಮಗುವಿಗೆ ನೋಟ್‌ಬುಕ್ಕು ಬಂದಿರುತ್ತದೆ. ಆ ಮಗುವಿಗೆ ನನ್ನ ಜಂಬದಿಂದ ನಷ್ಟವಿಲ್ಲ. ನಷ್ಟ ನನ್ನದು.

ಹರಾಜಿನ ಜಂಬ ಕಣ್ಣಿಗೆ ಕಾಣುತ್ತದೆ, ಹಿಡಿಯುವುದು ಸುಲಭ. ಭಕ್ತಿಯ ಬಟ್ಟೆ ಹಾಕಿಕೊಂಡು ಬರುವುದನ್ನು ಹಿಡಿಯುವುದೇ ಕಷ್ಟ. ನಮ್ಮ ಸಭೆಯ ಒಬ್ಬ ಅಕ್ಕ ಕೆಲಸ ಕಳೆದುಕೊಂಡಿದ್ದರು. ಮೂರು ತಿಂಗಳು ಅವರ ಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟು ಬಂದೆ, ಯಾರಿಗೂ ಹೇಳಲಿಲ್ಲ ಅಂದುಕೊಂಡೆ. ಆಮೇಲೆ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನನ್ನು ನೋಡಿಯೂ ತಲೆ ತಗ್ಗಿಸಿ ಹೋಗಿಬಿಟ್ಟರು. ನನಗೆ ಚುರುಕ್ ಅಂತು. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಮಾತೂ ಇಲ್ವಾ? ಎರಡು ರಾತ್ರಿ ಅದೇ ಕೊರೆಯಿತು. ಮೂರನೆಯ ದಿನ ಪ್ರಾರ್ಥನೆಗೆ ಕೂತಾಗ ನೆನಪಾಯಿತು: ಬುಧವಾರದ ಪ್ರಾರ್ಥನಾ ಕೂಟದಲ್ಲಿ ನಾನೇ ಎದ್ದು ನಿಂತು, ಅವರ ಹೆಸರು ಹೇಳಿ, "ಪಾಪ, ತುಂಬಾ ಕಷ್ಟದಲ್ಲಿದ್ದಾರೆ, ನಮ್ಮ ಕೈಲಾದದ್ದು ಮಾಡ್ತಾ ಇದ್ದೀವಿ, ಎಲ್ಲರೂ ಪ್ರಾರ್ಥನೆ ಮಾಡಿ" ಅಂದಿದ್ದೆ. ಇಪ್ಪತ್ತು ಜನರ ಎದುರು. ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗದಿರಲಿ ಎಂದ ಸ್ವಾಮಿಯ ಹೆಸರಲ್ಲೇ ನಾನು ಡಂಗುರ ಹೊಡೆದಿದ್ದೆ, ಅದೂ ಇನ್ನೊಬ್ಬರ ಮಾನದ ಮೇಲೆ. ಅವರು ತಲೆ ತಗ್ಗಿಸಿದ್ದು ಅದಕ್ಕೇ.

ಮರುದಿನ ಬರಿಗೈಯಲ್ಲೇ ಅವರ ಮನೆಗೆ ಹೋದೆ. "ಅಕ್ಕಾ, ಕೂಟದಲ್ಲಿ ನಿಮ್ಮ ಹೆಸರು ಹೇಳಬಾರದಿತ್ತು, ತಪ್ಪಾಯ್ತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಒಳಗೆ ಬಾರಪ್ಪ, ಟೀ ಕುಡಿ" ಅಂದರು.

ಆ ಮೂರು ತಿಂಗಳಲ್ಲಿ ನಾನು ಅಷ್ಟು ಸಲ ಹೋಗಿದ್ದೆ. ಪ್ರತಿ ಸಲವೂ ಚೀಲವನ್ನು ಬಾಗಿಲಲ್ಲೇ ಇಟ್ಟು ಬಂದಿದ್ದೆ. ಅವರ ಮನೆಯೊಳಗೆ ಕೂತಿದ್ದು ಅವತ್ತೇ ಮೊದಲು.