ಗೂಟ ಚಿಗುರಿದ ದಂಡೆ

ಕೇಳುಗರಿಗೆ ನಮಸ್ಕಾರ.

ಬೇಲಿಗೆಂದು ನೆಟ್ಟ ಹಾಲಿವಾಣದ ಗೂಟ ಮಳೆಗಾಲದಲ್ಲಿ ಚಿಗುರಿದ್ದನ್ನು ನೀವು ನೋಡಿರುತ್ತೀರಿ. ಇವತ್ತಿನ ಮಾತು ಅಂಥ ಗೂಟದ್ದೇ. ನೆಟ್ಟಿದ್ದು ಮಾತ್ರ ಸಿಂಗಪುರದಲ್ಲಿ, ಊರೊಳಗಿನ ಹೊಳೆಯೊಂದರ ದಂಡೆಗೆ.

ಹೊಳೆಯ ಹೆಸರು ಕಲ್ಲಾಂಗ್. ಬಿಶಾನ್ ಉದ್ಯಾನದ ಪಕ್ಕದಲ್ಲಿ ಅದು ಹೊಳೆಯಾಗಿ ಉಳಿದೇ ಇರಲಿಲ್ಲ, 2.7 ಕಿಲೋಮೀಟರ್ ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆಯಾಗಿತ್ತು. ನಮ್ಮ ಬೆಂಗಳೂರಿನ ರಾಜಕಾಲುವೆ ಅನ್ನಿ, ವಾಸನೆಯೊಂದು ಬಿಟ್ಟು.

ಗೋಡೆ ಒಡೆದು ಹೊಳೆಯನ್ನು ಉದ್ಯಾನದೊಳಕ್ಕೇ ತರೋಣವೆಂದು ಅಲ್ಲಿನ ಜಲಮಂಡಳಿಯೂ ಉದ್ಯಾನ ಮಂಡಳಿಯೂ ಸೇರಿ ಹೊರಟವು. ಸರಿ, ಗೋಡೆ ಹೋದ ಮೇಲೆ ಮಣ್ಣು ನಿಲ್ಲಬೇಕಲ್ಲ? ಅಲ್ಲಿಯದು ತುಂತುರು ಮಳೆಯಲ್ಲ. ಒಂದು ತಾಸು ಸುರಿದರೆ ಬರಿಮಣ್ಣಿನ ದಂಡೆ ಬೆಲ್ಲದ ಹಾಗೆ ಕರಗುತ್ತದೆ. ಅದಕ್ಕೇ 2009ರಲ್ಲಿ ಮೊದಲು 60 ಮೀಟರ್ ಜಾಗದಲ್ಲಿ ಹತ್ತು ಬಗೆಯ ಉಪಾಯ ಮಾಡಿ ನೋಡಿದರು. ಹಸಿ ಕೊಂಬೆಗಳನ್ನು ಸೌದೆ ಹೊರೆಯಂತೆ ಕಟ್ಟಿ, ದಂಡೆಯ ಉದ್ದಕ್ಕೂ ಅರ್ಧ ಹೂಳಿ, ಗೂಟ ಹೊಡೆದು ಬಿಗಿಯುವುದು ಒಂದು. ಕೆಲವು ವಾರಗಳಲ್ಲಿ ಹೊರೆಯೇ ಬೇರು ಬಿಡುತ್ತದೆ. ನೀರಿನಂಚಿಗೆ ಜೊಂಡು ನೆಟ್ಟ ನಾರಿನ ಸುರುಳಿಗಳನ್ನಿಡುವುದು ಇನ್ನೊಂದು. ತಂತಿಬಲೆಯಲ್ಲಿ ಕಲ್ಲು ತುಂಬಿ, ಸಂದಿಯಲ್ಲಿ ಗಿಡ ಬೆಳೆಸುವುದೂ ಇತ್ತು. ಬೇರನ್ನು ಮೊದಲ ಮಳೆಗೆ ನೆಚ್ಚುವಂತಿಲ್ಲ, ನಿಜ. ವರ್ಷ ಕಳೆದಷ್ಟೂ ಅದರ ಹಿಡಿತ ಬಿಗಿ.

ನನಗೇನೋ ಇದು ತೀರ ಹೊಸದು ಅನ್ನಿಸುವುದಿಲ್ಲ. ಗುಂಡ್ಲುಪೇಟೆ ಸೀಮೆಯ ರೈತರು ಹಿಂದಿನಿಂದಲೂ ಹೊಲದ ಗಡಿಗೆ ಲಾವಂಚ ನೆಟ್ಟವರು. ಅದರ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತದೆ. ನಗರದ ಕಾಲುವೆಯ ಹತ್ತಿರ ಬಂದಾಗ ಮಾತ್ರ ಕಾಂಕ್ರೀಟಿಗಿರುವ ಮರ್ಯಾದೆ ಲಾವಂಚಕ್ಕಿಲ್ಲ.

2012ರಲ್ಲಿ ಉದ್ಯಾನ ಮತ್ತೆ ತೆರೆದಾಗ ಹೊಳೆ ಬಳುಕಿ ಬಳುಕಿ 3 ಕಿಲೋಮೀಟರ್ ಆಗಿತ್ತು. ಬಳುಕಿದ್ದಕ್ಕೇ ನೀರಿನ ಓಟ ತಗ್ಗಿತು. ಓಟ ತಗ್ಗಿದರೆ ಕೊರೆತವೂ ಕಡಿಮೆ. ಜೋರು ಮಳೆಗೆ ನೀರು ಸುಮಾರು 100 ಮೀಟರ್ ಅಗಲಕ್ಕೆ ಹರಡಿಕೊಳ್ಳಬಹುದು. ಉಳಿದ ದಿನ ಅದೇ ಜಾಗದಲ್ಲಿ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತಿರುತ್ತಾರೆ. ನೀರು ಏರತೊಡಗಿದರೆ ಸೈರನ್ ಕೂಗುತ್ತದೆ, ಎಲ್ಲರೂ ದಂಡೆ ಹತ್ತಬೇಕು. ಒಡೆದ ಕಾಂಕ್ರೀಟ್ ಚಪ್ಪಡಿಗಳನ್ನೂ ಎಸೆಯಲಿಲ್ಲ, ಒಟ್ಟಿ ಒಂದು ದಿಬ್ಬ ಮಾಡಿದರು.

ಕೆಲವೇ ವರ್ಷಗಳಲ್ಲಿ ನೀರುನಾಯಿಗಳು ಬಂದವು. ಯಾರೂ ತಂದು ಬಿಟ್ಟದ್ದಲ್ಲ. ನಮ್ಮ ಕಾವೇರಿಯಲ್ಲಿರುವ ಜಾತಿಯವೇ ಅವು. ಮೀನು ಹಿಡಿದು ತಿಂದು, ಆ ಹುಲ್ಲುದಂಡೆಯ ಮೇಲೆ ಹೊರಳಾಡಿ ಮೈ ಒಣಗಿಸಿಕೊಳ್ಳುತ್ತವೆ.

ನಮಸ್ಕಾರ.